ಜೆಕಿಲ್ ಮನೆಯ ಹಿಂಬಾಗಿಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

"ಜೆಕಿಲ್ಲೇ ಹೈಡ್ ಅಂತ ಊರಿಗೆಲ್ಲ ಗೊತ್ತಿರುವಾಗ ಅಷ್ಟು ಪುಟ ಯಾಕಮ್ಮಾ ಓದಬೇಕು?" ಅಂತ ಸ್ಟೀವನ್ಸನ್ ಬರೆದ 'ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್' ಕಾದಂಬರಿಯ ಬಗ್ಗೆ ಫೋನಿನಲ್ಲಿ ಕೇಳಿದೆಯಲ್ಲ, ಒಳ್ಳೆಯ ಪ್ರಶ್ನೆ. ಅಜ್ಜಿಗೆ ಮಾತ್ರೆ ಕೊಡುವ ಹೊತ್ತಾಗಿತ್ತು, ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಮೈಸೂರಿಗೆ ಹೊರಡುವಾಗ ಆ ಪುಸ್ತಕದ ಇನ್ನೊಂದು ಪ್ರತಿಯನ್ನು ಬ್ಯಾಗಿಗೆ ಹಾಕಿಕೊಂಡಿದ್ದೆ. ಅಜ್ಜಿ ಮಲಗಿದ ಮೇಲೆ ನಿಧಾನವಾಗಿ ಓದಿದೆ. ತುಂಬಾ ಹಿಡಿಸಿತು. ನೀನು ಅದನ್ನು ಸುಮ್ನೆ ಪರೀಕ್ಷೆಗೆ ಅಂತ ಓದಿ ಮುಗಿಸಿಬಿಡಬಾರದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

1886ರ ಜನವರಿಯಲ್ಲಿ ಒಂದು ಶಿಲ್ಲಿಂಗ್ ಕೊಟ್ಟು ಇದನ್ನು ಕೊಂಡವರಿಗೆ ಗುಟ್ಟು ಗೊತ್ತಿರಲಿಲ್ಲ. ಅವರ ಹಾಗೆ ಓದಲು ಪ್ರಯತ್ನಿಸು. ಇರುವುದು ಹತ್ತೇ ಅಧ್ಯಾಯ. ಎಂಟು ಮುಗಿದರೂ ಹೈಡ್ ಯಾರು ಅಂತ ಸ್ಟೀವನ್ಸನ್ ಹೇಳುವುದಿಲ್ಲ. ಒಂಬತ್ತರಲ್ಲಿ ಜೆಕಿಲ್‌ನ ಹಳೆಯ ಸ್ನೇಹಿತ ಡಾಕ್ಟರ್ ಲ್ಯಾನಿಯನ್ ಹೇಳುತ್ತಾನೆ, ತಾನು ಸತ್ತ ಮೇಲೆ, ಕಾಗದದಲ್ಲಿ. ಹತ್ತರಲ್ಲಿ ಜೆಕಿಲ್ ಬಾಯಿ ಬಿಡುತ್ತಾನೆ, ಅವನದೂ ಕಾಗದವೇ. ಬದುಕಿದ್ದಾಗ ಯಾರೂ ಯಾರಿಗೂ ಏನೂ ಹೇಳುವುದಿಲ್ಲ! ನನಗೆ ಹೆದರಿಕೆ ಹುಟ್ಟಿಸಿದ್ದು ಜೆಕಿಲ್ ಕುಡಿದು ಹೈಡ್ ಆಗುವ ಆ ಔಷಧಿಯಲ್ಲ, ಈ ಮೌನ.

ಮೊದಲ ಅಧ್ಯಾಯವನ್ನೇ ತೆಗೆದುಕೋ. ಚಳಿಗಾಲದ ರಾತ್ರಿ, ಬೆಳಗಿನ ಜಾವ ಮೂರು ಗಂಟೆ. ಪುಟ್ಟ ಹುಡುಗಿಯೊಬ್ಬಳು ಓಡಿ ಬಂದು ಹೈಡ್‌ಗೆ ಡಿಕ್ಕಿ ಹೊಡೆಯುತ್ತಾಳೆ. ಅವನು ಅವಳನ್ನು ತುಳಿದುಕೊಂಡು ಹೋಗುತ್ತಾನೆ. ಸಿಟ್ಟಿನಿಂದಲ್ಲ, ಶಾಂತವಾಗಿ. ಅದನ್ನು ಕಂಡು ಅವನನ್ನು ಹಿಡಿದು ನಿಲ್ಲಿಸಿದ ದಾರಿಹೋಕ ಎನ್‌ಫೀಲ್ಡ್ ಏನು ಮಾಡುತ್ತಾನೆ? ಪೊಲೀಸರ ಮಾತೇ ಇಲ್ಲ. ನಿನ್ನ ಹೆಸರು ಲಂಡನ್ನಿನಲ್ಲೆಲ್ಲ ಹಾಳು ಮಾಡುತ್ತೇವೆ ಅಂತ ಹೆದರಿಸಿ ನೂರು ಪೌಂಡಿಗೆ ಒಪ್ಪಿಸುತ್ತಾನೆ. ಹೈಡ್ ಒಂದು ಬಾಗಿಲಿನ ಬೀಗ ತೆಗೆದು ಒಳಗೆ ಹೋಗಿ ಹತ್ತು ಪೌಂಡ್ ಚಿನ್ನದ ನಾಣ್ಯ, ಉಳಿದದ್ದಕ್ಕೆ ದೊಡ್ಡ ಮನುಷ್ಯನ ಸಹಿ ಇರುವ ಚೆಕ್ ತಂದು ಕೊಡುತ್ತಾನೆ. ಆ ದೊಡ್ಡ ಮನುಷ್ಯ ಯಾರು ಅಂತ ಎನ್‌ಫೀಲ್ಡ್ ಹೇಳುವುದಿಲ್ಲ. ವ್ಯವಹಾರ ಎಷ್ಟು ಅನುಮಾನ ಹುಟ್ಟಿಸುತ್ತದೋ ಅಷ್ಟು ಕಡಿಮೆ ಪ್ರಶ್ನೆ ಕೇಳುವುದು ಅವನ ನಿಯಮವಂತೆ.

ಆ ಬಾಗಿಲನ್ನೂ ನೋಡು. ಬಣ್ಣ ಎದ್ದುಹೋಗಿದೆ, ಗಂಟೆಯಿಲ್ಲ, ತಟ್ಟಲು ಕೊಂಡಿಯಿಲ್ಲ. ಮೂಲೆ ತಿರುಗಿದರೆ ಶ್ರೀಮಂತಿಕೆ ಎದ್ದು ಕಾಣುವ ಡಾಕ್ಟರ್ ಜೆಕಿಲ್‌ನ ಮುಂಬಾಗಿಲು. ಎರಡೂ ಒಂದೇ ಮನೆಯವು ಅಂತ ಓದುಗರಿಗೆ ತಿಳಿಯುವುದು ಸ್ವಲ್ಪ ಸ್ವಲ್ಪವಾಗಿ. ಜೆಕಿಲ್‌ನ ಕಥೆಯೆಲ್ಲ ಈ ಕಟ್ಟಡದಲ್ಲೇ ಇದೆ ಅಲ್ವಾ?

ಇನ್ನು ವಕೀಲ ಅಟರ್ಸನ್. ಒಳ್ಳೆಯವನು, ಸ್ನೇಹಿತ ಜೆಕಿಲ್‌ಗಾಗಿ ಒದ್ದಾಡುತ್ತಾನೆ. ಆದರೆ ಅವನು ಏನೇನು ಮುಚ್ಚಿಡುತ್ತಾನೆ ಗಮನಿಸು. ಪಾರ್ಲಿಮೆಂಟ್ ಸದಸ್ಯ ಸರ್ ಡ್ಯಾನ್‌ವರ್ಸ್ ಕ್ಯಾರ್ಯೂವನ್ನು ಹೈಡ್ ಕೋಲಿನಿಂದ ಬಡಿದು ಕೊಲ್ಲುತ್ತಾನೆ. ಮುರಿದ ಅರ್ಧ ಕೋಲನ್ನು ಪೊಲೀಸರು ತೋರಿಸಿದಾಗ ಅಟರ್ಸನ್‌ಗೆ ಗುರುತು ಸಿಗುತ್ತದೆ. ವರ್ಷಗಳ ಹಿಂದೆ ತಾನೇ ಜೆಕಿಲ್‌ಗೆ ಉಡುಗೊರೆ ಕೊಟ್ಟ ಕೋಲು ಅದು. ಹೈಡ್‌ನ ಮನೆಗೆ ಪೊಲೀಸರನ್ನು ಕರೆದುಕೊಂಡು ಹೋಗುತ್ತಾನೆ, ಕೋಲಿನ ವಿಷಯ ಬಾಯಿ ಬಿಡುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ಗುಮಾಸ್ತ ಗೆಸ್ಟ್ ಎರಡು ಕಾಗದ ಪಕ್ಕಪಕ್ಕ ಇಟ್ಟು, ಹೈಡ್ ಮತ್ತು ಜೆಕಿಲ್ ಇಬ್ಬರ ಅಕ್ಷರವೂ ಹೆಚ್ಚು ಕಡಿಮೆ ಒಂದೇ, ಓರೆ ಮಾತ್ರ ಬೇರೆ ಅನ್ನುತ್ತಾನೆ. ಅಟರ್ಸನ್ ಆ ಕಾಗದವನ್ನು ತಿಜೋರಿಗೆ ಹಾಕಿ ಬೀಗ ಜಡಿಯುತ್ತಾನೆ. ಕೊನೆಗೆ ಹೈಡ್‌ನ ಹೆಣ ಬಿದ್ದಿರುವಾಗಲೂ ಅವನ ಚಿಂತೆ ಒಂದೇ: ಜೆಕಿಲ್‌ನ ಮರ್ಯಾದೆಯನ್ನಾದರೂ ಉಳಿಸಬಹುದೇನೋ.

ನಾಲ್ಕು ಜನ ಏನಂತಾರೆ ಅನ್ನುವ ಭಯ ನಮ್ಮ ಮನೆಗಳಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡ. ವಿಕ್ಟೋರಿಯಾ ಕಾಲದ ಲಂಡನ್ನಿನ ದೊಡ್ಡ ಮನುಷ್ಯರು ಅದರಲ್ಲೇ ಮುಳುಗಿದ್ದರು. ನಿನ್ನ ಕ್ಲಾಸಿನಲ್ಲಿ ಇದನ್ನು ಹೇಳಲು ಸಂಕೋಚಪಡಬೇಡ. ಆ ಭಯ ಹೇಗೆ ಕೆಲಸ ಮಾಡುತ್ತದೆ ಅಂತ ನಿನಗೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟವಾಯಿತು. ಈ ಕಥೆಯಲ್ಲಿ ಬಾಯಿ ಬಿಡುವವರು ಯಾರು? ಕೊಲೆಯನ್ನು ಕಿಟಕಿಯಿಂದ ಕಂಡು ಹೇಳುವವಳು ಒಬ್ಬ ಕೆಲಸದ ಹುಡುಗಿ. ಬಾಗಿಲ ಹಿಂದೆ ಇರುವುದು ನನ್ನ ಯಜಮಾನನಲ್ಲ ಅಂತ ಗಟ್ಟಿಯಾಗಿ ಹೇಳುವವನು ಬಟ್ಲರ್ ಪೂಲ್. ಇಪ್ಪತ್ತು ವರ್ಷ ಆ ಮನೆಯಲ್ಲಿ ದುಡಿದವನು. ಜೆಕಿಲ್‌ಗೆ ಯಾವುದೋ ಕಾಯಿಲೆ ಬಂದು ರೂಪ ಕೆಟ್ಟಿರಬಹುದು ಅಂತ ಅಟರ್ಸನ್ ಸಮಾಧಾನ ಹುಡುಕುತ್ತಾನೆ. ಪೂಲ್ ಒಪ್ಪುವುದಿಲ್ಲ. ಕೋಟು ಹಾಕಿದ ಗಂಡಸರೇ ತುಂಬಿರುವ ಕಥೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳುವವರು ಮನೆಗೆಲಸದವರು. ಇದನ್ನು ಉತ್ತರದಲ್ಲಿ ಬರೆದರೆ ನಿಮ್ಮ ಟೀಚರ್ ಖಂಡಿತ ನಿಂತು ಓದುತ್ತಾರೆ.

ಜೆಕಿಲ್ ಒಳ್ಳೆಯದು, ಹೈಡ್ ಕೆಟ್ಟದ್ದು, ಇದೇ ದ್ವಂದ್ವ ಅಂತ ನಿನ್ನ ರಿವಿಷನ್ ಕಾರ್ಡಿನಲ್ಲಿ ಬರೆದಿದ್ದೀಯಲ್ಲ, ಅದನ್ನು ದಯವಿಟ್ಟು ಹೊಡೆದುಹಾಕು. ಹೈಡ್ ಪೂರ್ತಿ ಕೆಟ್ಟವನು, ನಿಜ. ಆದರೆ ಔಷಧಿಯಿಂದ ಪೂರ್ತಿ ಒಳ್ಳೆಯವನೊಬ್ಬ ಹುಟ್ಟಲೇ ಇಲ್ಲ. ಜೆಕಿಲ್ ಮೊದಲಿನ ಹಾಗೇ ಬೆರಕೆಯಾಗಿಯೇ ಉಳಿದ. ತಾನು ಆಷಾಢಭೂತಿಯಲ್ಲ, ತನ್ನ ಎರಡು ಮುಖಗಳೂ ನಿಜವಾದವೇ ಅಂತ ಅವನೇ ವಾದಿಸುತ್ತಾನೆ. ಅವನಿಗೆ ಬೇಕಾಗಿದ್ದದ್ದು ಕೆಟ್ಟತನದಿಂದ ಬಿಡುಗಡೆ ಅಲ್ಲ, ನಾಚಿಕೆಯಿಂದ ಬಿಡುಗಡೆ.

ಎರಡು ಜಾಗ ಮತ್ತೆ ಓದು. ಒಂದು, ಜೆಕಿಲ್ ಆಗಿ ಮಲಗಿದವನು ಬೆಳಗ್ಗೆ ಹೊದಿಕೆಯ ಮೇಲೆ ತನ್ನ ಕೈ ನೋಡುವುದು. ಜೆಕಿಲ್‌ನ ಕೈ ದೊಡ್ಡದು, ಬೆಳ್ಳಗೆ, ವೈದ್ಯನ ಕೈ. ಕಾಣುತ್ತಿರುವುದು ನರ ಎದ್ದ, ಗೆಣ್ಣು ಉಬ್ಬಿದ, ಕಪ್ಪು ರೋಮ ತುಂಬಿದ ಕೈ. ಔಷಧಿ ಕುಡಿಯದೆಯೇ ಹೈಡ್ ಬಂದುಬಿಟ್ಟಿದ್ದಾನೆ. ಇನ್ನೊಂದು, ರೀಜೆಂಟ್ಸ್ ಪಾರ್ಕಿನ ಬೆಂಚು. ಜನವರಿಯ ಒಳ್ಳೆಯ ಬಿಸಿಲು. ನಾನು ಎಷ್ಟೊಂದು ಜನರಿಗೆ ಉಪಕಾರ ಮಾಡುತ್ತೇನೆ, ಉಳಿದವರು ಎಷ್ಟು ಸೋಮಾರಿಗಳು ಅಂತ ಅವನು ಮನಸ್ಸಿನಲ್ಲೇ ಬೀಗುತ್ತಾನೆ. ಆ ಗಳಿಗೆಯಲ್ಲೇ ಮೈ ನಡುಗಿ ಹೈಡ್ ಆಗುತ್ತಾನೆ. ಕೆಟ್ಟ ಯೋಚನೆಯಿಂದಲ್ಲ ಪುಟ್ಟಿ, ತನ್ನ ಒಳ್ಳೆಯತನದ ಜಂಬದಿಂದ! ಸ್ಟೀವನ್ಸನ್ ಎಷ್ಟು ಸೂಕ್ಷ್ಮ ನೋಡು.

ಅವನ ಬಗ್ಗೆಯೂ ಸ್ವಲ್ಪ ತಿಳಿದಿರಲಿ. 1850ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದವನು. ಅವನ ಬಾಲ್ಯದ ಕೋಣೆಯಲ್ಲಿ ಡೀಕನ್ ಬ್ರೋಡಿ ಮಾಡಿದ ಬೀರು ಇತ್ತು. ಬ್ರೋಡಿ ಹಗಲು ಮರಗೆಲಸದ ಗೌರವಸ್ಥ, ರಾತ್ರಿ ಕಳ್ಳ. 1788ರಲ್ಲಿ ಗಲ್ಲಿಗೇರಿದ. ಈ ಕಥೆ ಬರೆದಾಗ ಸ್ಟೀವನ್ಸನ್ ಬೋರ್ನ್‌ಮತ್‌ನಲ್ಲಿ ಕಾಯಿಲೆ ಬಿದ್ದಿದ್ದ. ಜೆಕಿಲ್ ಕಿಟಕಿಯಲ್ಲಿ ಕಾಣಿಸಿಕೊಳ್ಳುವ ದೃಶ್ಯವೂ ಹೈಡ್ ಪುಡಿ ಕುಡಿದು ಬದಲಾಗುವುದೂ ಅವನಿಗೆ ಕನಸಿನಲ್ಲಿ ಬಂದದ್ದಂತೆ.

ಪರೀಕ್ಷೆಯ ವಿಷಯ. ನಿನ್ನದು ಇಂಗ್ಲೆಂಡಿನ ಪರೀಕ್ಷಾ ಮಂಡಳಿ ಎಕ್ಯೂಎಯ ಇಂಗ್ಲಿಷ್ ಸಾಹಿತ್ಯದ ಪೇಪರ್ ಒಂದು, ಶೇಕ್ಸ್‌ಪಿಯರ್ ಸೇರಿ 1 ಗಂಟೆ 45 ನಿಮಿಷ. ಪುಸ್ತಕ ಒಯ್ಯುವಂತಿಲ್ಲ. ಒಂದು ಭಾಗ ಅಲ್ಲೇ ಅಚ್ಚು ಮಾಡಿ ಕೊಡುತ್ತಾರೆ, ಅದರಿಂದ ಶುರುಮಾಡಿ ಇಡೀ ಕಾದಂಬರಿಗೆ ಹೋಗಬೇಕು. 30 ಅಂಕದಲ್ಲಿ ಕಾಲದ ಹಿನ್ನೆಲೆಗೆ ಇರುವುದು 6 ಮಾತ್ರ. ಹಾಗಾಗಿ ಡಾರ್ವಿನ್ ಮೇಲೆ ಒಂದು ಪ್ಯಾರಾ ಬಾಯಿಪಾಠ ಮಾಡಿ ಅಂಟಿಸಬೇಡ. ಹೈಡ್ ಕಪಿಯಂತೆ ಕೆರಳಿ ಕೋಲು ಬೀಸುವಲ್ಲಿ, ಮನುಷ್ಯನ ಮೂಲದ ಬಗ್ಗೆ ಡಾರ್ವಿನ್ 1871ರಲ್ಲಿ ಬರೆದದ್ದು ಈ ಓದುಗರ ತಲೆಯಲ್ಲಿತ್ತು ಅಂತ ಒಂದು ವಾಕ್ಯ ಬರೆ, ಸಾಕು. ಚಿಕ್ಕ ಚಿಕ್ಕ ಉದ್ಧರಣೆ ಕಲಿ. ಬಾಗಿಲು, ಕೋಲು, ಕೈ, ಕಾಗದ, ಇವು ನೆನಪಿದ್ದರೆ ಯಾವ ಪ್ರಶ್ನೆ ಬಂದರೂ ಹಿಡಿಯಲು ಏನಾದರೂ ಸಿಗುತ್ತದೆ.

ನನಗೆ ಬಗೆಹರಿಯದ್ದು ಒಂದಿದೆ. ಕೊನೆಯ ಅಧ್ಯಾಯದಲ್ಲಿ ಜೆಕಿಲ್ ಒಮ್ಮೆ "ನಾನು" ಅನ್ನುತ್ತಾನೆ, ಒಮ್ಮೆ "ಅವನು". ಒಂದು ಕಡೆಯಂತೂ, ಅವನು ಅನ್ನುತ್ತೇನೆ, ನಾನು ಅನ್ನಲಾರೆ ಅಂತ ತಾನೇ ಬರೆಯುತ್ತಾನೆ. ಅಷ್ಟೆಲ್ಲ ಒಪ್ಪಿಕೊಂಡ ಮೇಲೂ ಅವನು ಹೈಡ್‌ನನ್ನು ತನ್ನವನು ಅಂತ ಒಪ್ಪಿದನೇ, ಇಲ್ಲವೇ? ಆ ಪುಟಗಳನ್ನು ಓದಿ ಒಂದು ಪುಟ ಬರೆದು ಫೋಟೋ ತೆಗೆದು ಕಳಿಸು. ಅಪ್ಪನಿಗೂ ಓದಿಸು.

ಪ್ರೀತಿಯಿಂದ,
ಅಮ್ಮ