ಒಳಗೆ ಒಂದಿಂಚು ಬಟ್ಟೆ ಬಿಟ್ಟಿದ್ದೇನೆ

ಉಡುಪಿ
ಸೋಮವಾರ ರಾತ್ರಿ

ಪ್ರೀತಿಯ ಮಗಾ,

ಮೊನ್ನೆ ಫೋನಿನಲ್ಲಿ “ಎಂತ ಮಾರಾಯ್ತಿ, ಊಟ ಆಯ್ತಾ?” ಅಂದೆನಲ್ಲ, ಆಮೇಲೆ ಇಬ್ಬರೂ ಒಂದು ಗಳಿಗೆ ಸುಮ್ಮನಾದೆವು. ಇಷ್ಟು ವರ್ಷ ನಿನ್ನನ್ನು ಗಂಡುಮಗ ಅಂದುಕೊಂಡು ಮಾರಾಯ ಅಂದ ಬಾಯಿ ಇದು. ಯೋಚನೆ ಮಾಡಿ ಹೇಳಿದ್ದಲ್ಲ, ತಾನಾಗಿ ಬಂತು. ಮಗಾ ಅನ್ನುವುದು ಮಾತ್ರ ಮೊದಲಿನಿಂದಲೂ ಸುಲಭ. ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಹಾಗೇ ಕರೆಯುತ್ತೇವಲ್ವಾ, ನಿನ್ನ ಅಕ್ಕ ಇವತ್ತಿಗೂ ನನಗೆ ಮಗಾ.

ಬ್ಲೌಸ್ ಹೊಲಿದು ಆಯಿತು. ನಾಳೆ ಪಾರ್ಸೆಲ್ ಹಾಕುತ್ತೇನೆ. ಅದರ ಜೊತೆ ಒಂದು ಮಾತು ಹೇಳಲಿಕ್ಕುಂಟು. ಎದುರಿಗೆ ಹೇಳಲು ಆಗಲಿಲ್ಲ.

ಅಷ್ಟಮಿಗೆ ಬರುವ ಮೊದಲು ನೀನು ಫೋನ್ ಮಾಡಿದ್ದೆ. “ಅಪ್ಪಾ, ನಾನು ಒಂದಿಂಚು ಗಿಡ್ಡ ಆಗಿದ್ದೇನೆ! ಹೆಣ್ಣು ಹಾರ್ಮೋನಿನ ಮಾತ್ರೆ ಶುರುಮಾಡಿ 14 ತಿಂಗಳಾಯ್ತಲ್ಲ.” ನಿನ್ನ ಗೆಳತಿಯರಿಗೂ ಹಾಗೇ ಆಗಿದೆಯಂತೆ. ಆ ಖುಷಿ ಕೇಳಿ ನಾನು “ಹೌದಾ, ಒಳ್ಳೇದಾಯ್ತು” ಅಂದುಬಿಟ್ಟೆ. ಇಷ್ಟು ವರ್ಷ ಟೇಪ್ ಹಿಡಿದವನು ಅಳತೆ ನೋಡದೆ ಒಳ್ಳೇದಾಯ್ತು ಅಂದದ್ದು ಅದೇ ಮೊದಲು.

ಅಷ್ಟಮಿ ದಿನ ಸಂಜೆ ಅಮ್ಮ ಚಕ್ಕುಲಿ ಒತ್ತುತ್ತಿದ್ದಾಗ ಅಡುಗೆಮನೆಯ ದಾರಂದಕ್ಕೆ ನಿನ್ನನ್ನು ನಿಲ್ಲಿಸಿದೆನಲ್ಲ. ಅಲ್ಲಿ ನಿನ್ನ 18ನೇ ಹುಟ್ಟುಹಬ್ಬದ ಪೆನ್ಸಿಲ್ ಗೆರೆ ಇನ್ನೂ ಉಂಟು, 5 ಅಡಿ 9 ಇಂಚು. ಸ್ಕೇಲು ತಲೆಯ ಮೇಲಿಟ್ಟೆ. ನೀನು ನಿಂತ ಹಾಗೇ ಅಳೆದಾಗ ಗೆರೆಗಿಂತ ಹತ್ತಿರಹತ್ತಿರ ಒಂದಿಂಚು ಕೆಳಗಿತ್ತು. ನೀನು ನಕ್ಕೆ. “ಹಿಮ್ಮಡಿ ತಾಗಿಸು, ಬೆನ್ನು ನೇರ ಮಾಡು” ಅಂದೆ. ಅರ್ಧ ಇಂಚು ಮೇಲೆ ಬಂತು. ಮಾರನೇ ದಿನ ಬೆಳಿಗ್ಗೆ ನೀನು ಹಾಸಿಗೆಯಿಂದ ಎದ್ದು ಬಂದವಳನ್ನು “ಇನ್ನೊಂದ್ಸಲ ನಿಲ್ಲು” ಅಂತ ಕರೆದೆ. ನಿದ್ದೆಗಣ್ಣಲ್ಲಿ ನಿನಗೆ ಗೊತ್ತಾಗಲಿಲ್ಲ. ಸ್ಕೇಲು ಹಳೇ ಗೆರೆಯ ಮೇಲೆಯೇ ಕೂತಿತು.

ಇದನ್ನು ನಾನು ನಿನಗೆ ಹೇಳಲಿಲ್ಲ. ನೀನು ಕಾಫಿ ಕುಡಿಯುತ್ತಾ ಹಾಡು ಗುನುಗುತ್ತಿದ್ದೆ.

ಆಮೇಲೆ ಅಂಗಡಿಗೆ ಬರುವ ಮೂಳೆ ಡಾಕ್ಟರೊಬ್ಬರನ್ನು ಕೇಳಿದೆ. ಟ್ರಯಲ್‌ಗೆ ಬಂದಿದ್ದರು. ನನ್ನ ಬಾಯಲ್ಲಿ ಗುಂಡುಸೂಜಿ, ಅವರು ಒಂದು ಕಾಲಿನ ಪ್ಯಾಂಟ್ ಮಡಚಿಕೊಂಡು ನಿಂತಿದ್ದಾರೆ. ನಿನ್ನ ಹೆಸರು ಹೇಳಲಿಲ್ಲ. ಮಗಳು ಅಂದೆ, ಮಾತ್ರೆಯ ವಿಷಯ ಹೇಳಿದೆ. ಅವರು ಮುಖ ಏನೂ ಮಾಡಲಿಲ್ಲ, ಪುಣ್ಯಾತ್ಮರು. ದೊಡ್ಡವರಲ್ಲಿ ಹಾರ್ಮೋನು ಕೊಟ್ಟರೆ ಮೂಳೆ ಗಿಡ್ಡ ಆಗುವುದಿಲ್ಲ ಅಂದರು. ಮಕ್ಕಳ ಉದ್ದ ಮೂಳೆಗಳ ತುದಿಯಲ್ಲಿ ಒಂದು ಮೃದುವಾದ ಪಟ್ಟಿ ಇರುತ್ತದಂತೆ. ಎತ್ತರ ಬೆಳೆಯುವುದು ಅಲ್ಲಿಂದ. ಹರೆಯ ಮುಗಿಯುವ ಹೊತ್ತಿಗೆ ಆ ಪಟ್ಟಿ ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ಮುಚ್ಚಿದ್ದನ್ನು ಯಾವ ಮಾತ್ರೆಯೂ ಬಿಚ್ಚುವುದಿಲ್ಲ.

ಪ್ಯಾಂಟಿನ ಮಡಿಕೆ ಅಂದರೆ ನನಗೆ ಬೇಗ ಅರ್ಥ ಆಗುತ್ತದೆ. ಒಳಗೆ ಬಟ್ಟೆ ಇರುವ ತನಕ ಬಿಚ್ಚಿ ಉದ್ದ ಮಾಡಬಹುದು. ಬಟ್ಟೆ ಮುಗಿಯಿತು ಅಂದರೆ ಮುಗಿಯಿತು.

ಇನ್ನೊಂದು ವಿಷಯ ಹೇಳಿದರು, ನನಗೆ ಆಶ್ಚರ್ಯ ಆಯಿತು. ಗಂಡುಮಕ್ಕಳಲ್ಲೂ ಆ ಪಟ್ಟಿಯನ್ನು ಮುಚ್ಚುವುದು ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನೇ ಅಂತೆ. ಗಂಡು ಹಾರ್ಮೋನಿನ ಒಂದು ಪಾಲು ದೇಹದ ಒಳಗೇ ಈಸ್ಟ್ರೋಜನ್ ಆಗಿ ಬದಲಾಗಿ ಆ ಕೆಲಸ ಮಾಡುತ್ತದೆ. 1994ರಲ್ಲಿ ಅಮೆರಿಕದ ಡಾಕ್ಟರುಗಳು ಒಬ್ಬನ ಬಗ್ಗೆ ಬರೆದಿದ್ದರಂತೆ. 28 ವರ್ಷ, 204 ಸೆಂಟಿಮೀಟರ್. ಅವನ ದೇಹಕ್ಕೆ ಈಸ್ಟ್ರೋಜನ್ ತಾಗುತ್ತಲೇ ಇರಲಿಲ್ಲ, ಹಾಗಾಗಿ ಆ ವಯಸ್ಸಿನಲ್ಲೂ ಬೆಳೆಯುತ್ತಿದ್ದ. 204 ಅಂದರೆ 6 ಅಡಿ 8 ಇಂಚು! ಅವನ ಟೈಲರ್‌ನ ಗತಿ ನೆನೆಸಿಕೊಂಡೆ.

ಹಾಗಾದರೆ ನಿನ್ನ ಆ ಒಂದಿಂಚು ಎಲ್ಲಿ ಹೋಯಿತು? ಅರ್ಧ ಭಾಗ ಸಂಜೆಯದ್ದು. ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆತ್ತೆಗಳು ಹಗಲಿಡೀ ನಿಂತು ಕೂತು ಒತ್ತಿಹೋಗುತ್ತವೆ, ರಾತ್ರಿ ಮಲಗಿದಾಗ ಮತ್ತೆ ಉಬ್ಬುತ್ತವೆ. ಎಲ್ಲರಿಗೂ ಹಾಗೇ, ಬೆಳಿಗ್ಗೆಗೂ ಸಂಜೆಗೂ ಒಂದು ಸೆಂಟಿಮೀಟರ್ ಅಥವಾ ಇನ್ನೂ ಸ್ವಲ್ಪ ಜಾಸ್ತಿ ವ್ಯತ್ಯಾಸ. ಉಳಿದ ಅರ್ಧ ನೀನು ಬಗ್ಗಿ ನಿಲ್ಲುವುದರದ್ದು.

ನೀನು ಬಗ್ಗುತ್ತಿದ್ದೀ ಅಂತ ನನಗೆ ದಾರಂದಕ್ಕಿಂತ ಮೊದಲೇ ಗೊತ್ತಾಗಿತ್ತು. ಬಸ್ಸಿಳಿದು ಬಂದಾಗ ನಿನ್ನ ಕುರ್ತಾ ಹಿಂದುಗಡೆ ಮೇಲೆ ಎದ್ದಿತ್ತು, ಮುಂದುಗಡೆ ಕೆಳಗೆ ಜೋತಿತ್ತು. ಬೆನ್ನು ಬಗ್ಗಿದವರ ಬಟ್ಟೆ ಹಾಗೇ ಆಗುವುದು. ಅಂಥವರು ಬಂದರೆ ನಾವು ಕೇಳುವುದೇ ಇಲ್ಲ, ಬೆನ್ನಿನ ಉದ್ದ ಜಾಸ್ತಿ ಹಿಡಿದು ಮುಂದಿನದ್ದು ಕಡಿಮೆ ಮಾಡುತ್ತೇವೆ. ವಯಸ್ಸಾದ ಭಟ್ಟರಿಗೆಲ್ಲ ಹಾಗೇ ಹೊಲಿಯುತ್ತೇನೆ. 25 ವರ್ಷದವಳಿಗೆ ಹೊಲಿಯಲು ಮನಸ್ಸಾಗಲಿಲ್ಲ.

ನಿಜವಾಗಿ ಗಿಡ್ಡ ಆಗುವುದು ಅಂದರೆ ನಿನ್ನ ಅಜ್ಜಿಗೆ ಆದದ್ದು. ಮೂಳೆ ಟೊಳ್ಳಾಗಿ ಬೆನ್ನು ಕುಸಿದು, ಕೊನೆಗೆ ದೇವರ ಗೂಡಿಗೆ ಕೈ ಎಟುಕುತ್ತಿರಲಿಲ್ಲ. ಅಂಥ ಗಿಡ್ಡ ನಮಗೆ ಬೇಡ. ಮೂಳೆ ಗಟ್ಟಿ ಇರಲು ಈಸ್ಟ್ರೋಜನ್ ಒಳ್ಳೇದಂತೆ, ಅಷ್ಟು ಸಮಾಧಾನ.

ಬದಲಾದದ್ದು ಏನೂ ಇಲ್ಲ ಅಂತಲ್ಲ. ನನ್ನ ಅಳತೆ ಪುಸ್ತಕದಲ್ಲಿ ನಿನ್ನ ಕಾಲೇಜಿನ ಶರ್ಟಿನ ಪುಟ ಉಂಟು. ಅದರ ಪಕ್ಕದಲ್ಲೇ ಹೊಸದನ್ನು ಬರೆದೆ. ತೋಳಿನ ಸುತ್ತು ಹನ್ನೊಂದೂವರೆ ಇದ್ದದ್ದು ಹತ್ತೂಮುಕ್ಕಾಲು. ಸೀಟು 36 ಇದ್ದದ್ದು 38ಕ್ಕೆ ಕಾಲಿಂಚು ಕಮ್ಮಿ. ಎದೆಯ ಅಳತೆಯನ್ನು ಅಮ್ಮ ತೆಗೆದು ಹೇಳಿದಳು, ನಾನು ಗೋಡೆಯ ಕಡೆ ತಿರುಗಿ ಬರೆದುಕೊಂಡೆ. ಭುಜ ಮಾತ್ರ ಅದೇ ಹದಿನೇಳೂವರೆ. ಮೂಳೆಯ ಅಳತೆ ಅಲುಗುವುದಿಲ್ಲ, ಮೂಳೆಯ ಮೇಲೆ ಇರುವುದೆಲ್ಲ ಅಲುಗುತ್ತದೆ. ಮಾಂಸಖಂಡ ಮೊದಲ ಒಂದೆರಡು ವರ್ಷದಲ್ಲಿ ಕಡಿಮೆಯಾಗುತ್ತದೆ. ಕೊಬ್ಬು ಸೊಂಟದ ಕೆಳಗೆ ಬರುವುದು, ಎದೆ ತುಂಬುವುದು ಇವಕ್ಕೆಲ್ಲ ಎರಡರಿಂದ ಐದು ವರ್ಷ ಬೇಕು ಅಂತ ನಿನ್ನ ಡಾಕ್ಟರು ಹೇಳಿದ್ದು ನನಗೆ ನೆನಪುಂಟು. ನಿನಗೆ ಅವಸರ ಜಾಸ್ತಿ. 14 ತಿಂಗಳು ಅಂದರೆ ಇನ್ನೂ ಕಚ್ಚಾ ಹೊಲಿಗೆ.

ಧ್ವನಿ ಮಾತ್ರೆಯಿಂದ ಬದಲಾಗುವುದಿಲ್ಲ, ಗಡ್ಡ ಪೂರ್ತಿ ಹೋಗುವುದಿಲ್ಲ ಅಂತಲೂ ಹೇಳಿದ್ದರು. ಅದರ ಕೆಲಸ ನೀನೇ ಮಾಡುತ್ತಿದ್ದೀ. ಫೋನಿನಲ್ಲಿ ನಿನ್ನನ್ನು ಅಕ್ಕ ಅಂದುಕೊಂಡು ಅಮ್ಮ ಎರಡು ನಿಮಿಷ ಮಾತಾಡಿದಳಲ್ಲ!

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಎಂಟನೇ ಕ್ಲಾಸಿನಿಂದ ಹತ್ತರ ತನಕ ನಿನ್ನ ಸ್ಕೂಲ್ ಪ್ಯಾಂಟಿನ ಮಡಿಕೆಯನ್ನು ಎಷ್ಟು ಸಲ ಬಿಚ್ಚಿದ್ದೇನೋ. ಪ್ರತಿ ಸಲವೂ ಅಮ್ಮನನ್ನು ಕರೆದು “ನೋಡು, ಮತ್ತೆ ಒಂದಿಂಚು!” ಅಂತ ತೋರಿಸುತ್ತಿದ್ದೆ. ನೀನು ಬೆಂಚಿನ ಮೇಲೆ ನಿಂತು ಕ್ಯಾಲೆಂಡರ್ ನೋಡುತ್ತಿದ್ದೆ. ನಾಚಿಕೆ ಅಂದುಕೊಂಡಿದ್ದೆ. ಆ ಒಂದೊಂದು ಇಂಚೂ ನಿನಗೆ ಏನಾಗುತ್ತಿತ್ತು ಅಂತ ಈಗ ಗೊತ್ತಾಗುತ್ತದೆ. ಮತ್ತೆ ನೀನು ಅಂಗಡಿಗೇ ಬಂದು ಎಲ್ಲವನ್ನೂ ಹೇಳಿದ ದಿನ ನಾನು ಮಷೀನ್ ನಿಲ್ಲಿಸಲಿಲ್ಲ. ನೀನು ಹೇಳುತ್ತಲೇ ಇದ್ದೆ, ನಾನು ತುಳಿಯುತ್ತಲೇ ಇದ್ದೆ. ಆ ಪ್ಯಾಂಟಿನ ಹೊಲಿಗೆ ಸೊಟ್ಟ ಹೋಗಿ ಗಿರಾಕಿ ವಾಪಸ್ ತಂದುಕೊಟ್ಟರು.

ಆಚೆಮನೆಯವರು ಸಮಾಧಾನ ಮಾಡಲಿಕ್ಕೆ ಅಂತ “ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುವವರಿಲ್ವಾ, ಹಾಗೇ ಅಂದುಕೊಳ್ಳಿ” ಅಂದರು. ನೀನು ಒಳಗಿನಿಂದಲೇ “ಅವರು ಬೆಳಿಗ್ಗೆ ವೇಷ ಬಿಚ್ಚಿ ಮನೆಗೆ ಹೋಗ್ತಾರೆ, ನಾನು ಬಿಚ್ಚಿಯೇ ಮನೆಗೆ ಬಂದದ್ದು” ಅಂದೆ. ಅವರಿಗೆ ಅರ್ಥ ಆಯಿತೋ ಇಲ್ಲವೋ, ಚಕ್ಕುಲಿ ಮಾತ್ರ ತೆಗೆದುಕೊಂಡು ಹೋದರು.

ಅಷ್ಟಮಿಯ ಮಾರನೇ ದಿನ, ವಿಟ್ಲಪಿಂಡಿ ಉತ್ಸವಕ್ಕೆ, ರಥಬೀದಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹುಲಿವೇಷದ ತಾಸೆ ಕೇಳುತ್ತದೆ, ಹುಲಿ ಕಾಣುವುದಿಲ್ಲ. ಅಮ್ಮ ನಿನ್ನ ಕೈ ಹಿಡಿದು “ಎಂತ ಕಾಣ್ತದೆ, ಎಂತ ಕಾಣ್ತದೆ” ಅಂತ ಕೇಳುತ್ತಲೇ ಇದ್ದಳು. ನೀನು ಕುತ್ತಿಗೆ ನಿಗುರಿಸಿ, “ಕಪ್ಪು ಹುಲಿ ಲಾಗ ಹಾಕಿತು ಅಮ್ಮ, ಸಣ್ಣ ಮರಿಹುಲಿಯೊಂದು ಅಳ್ತಾ ಉಂಟು” ಅಂತ ಒಂದೊಂದಾಗಿ ಹೇಳಿದೆ. ಅಷ್ಟು ಹೊತ್ತು ನೀನು ಬಗ್ಗಿರಲಿಲ್ಲ. ಕುರ್ತಾ ಹಿಂದೆ ಮುಂದೆ ಒಂದೇ ಸಮ ಇತ್ತು. ನಾನು ಹುಲಿ ನೋಡಲಿಲ್ಲ, ಅದನ್ನೇ ನೋಡಿದೆ.

ಅಮ್ಮ ಒಂದು ಮಾತು ಬರೆಯಲು ಹೇಳಿದ್ದಾಳೆ. ಊರಿಗೆ ಬಂದಾಗ ದಿನಾ ಎರಡೆರಡು ಬೊಂಡದ ಎಳನೀರು ಕುಡಿಸಿದ್ದಕ್ಕೆ ಈಗ ಹೆದರಿ ಕೂತಿದ್ದಾಳೆ. ಗಂಡು ಹಾರ್ಮೋನನ್ನು ತಡೆಯಲು ನಿನಗೆ ಕೊಟ್ಟ ಸ್ಪೈರನೊಲ್ಯಾಕ್ಟೋನ್ ಮಾತ್ರೆಯನ್ನು ಹೃದಯದ ತೊಂದರೆಯವರಿಗೂ ಕೊಡುತ್ತಾರೆ, ದೊಡ್ಡಪ್ಪನಿಗೂ ಅದನ್ನೇ ಕೊಟ್ಟಿದ್ದರು. ಅದು ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ, ಬೊಂಡದಲ್ಲಿ ಪೊಟ್ಯಾಸಿಯಂ ಜಾಸ್ತಿ. ಮುಂದಿನ ರಕ್ತಪರೀಕ್ಷೆಯಲ್ಲಿ ಅದನ್ನು ಮರೆಯದೆ ನೋಡಿಸು. ಈಸ್ಟ್ರೋಜನ್‌ನಿಂದ ಕೆಲವರಿಗೆ ರಕ್ತ ಹೆಪ್ಪುಗಟ್ಟುವುದುಂಟು. ಒಂದು ಕಾಲು ಮಾತ್ರ ಬಾತು ನೋವಾದರೆ, ಉಸಿರು ಸಿಕ್ಕಿಕೊಂಡ ಹಾಗಾದರೆ, ನಾಳೆ ನೋಡೋಣ ಅನ್ನಬೇಡ, ಆಗಲೇ ಆಸ್ಪತ್ರೆಗೆ ಹೋಗು. ಸಿಗರೇಟಿನ ವಿಷಯ ನಾನು ಕೇಳುವುದಿಲ್ಲ, ನೀನೇ ಬಿಡು.

ಇನ್ನು ಬ್ಲೌಸ್. ಅಮ್ಮ ಕೊಟ್ಟ ಉಡುಪಿ ಸೀರೆಗೆ ಹೊಂದುವ ಬಣ್ಣ ಹುಡುಕಲು ಎರಡು ದಿನ ಹೋಯಿತು. ನಾನು ಜೆಂಟ್ಸ್ ಟೈಲರ್, ಟಕ್ಸ್ ಹಿಡಿಯುವುದು ಗೊತ್ತಿರಲಿಲ್ಲ. ಪಕ್ಕದ ಅಂಗಡಿಯ ಅಕ್ಕ ಹಳೇ ಪಂಚೆಯ ಮೇಲೆ ಚಾಕಿನಲ್ಲಿ ಬರೆದು ಕಲಿಸಿದರು. ಮೊದಲನೆಯದಕ್ಕೆ ಪಟ್ಟಿಯನ್ನು ಗಂಡಸರ ಶರ್ಟಿನ ಹಾಗೆ ಉಲ್ಟಾ ಇಟ್ಟೆ. ಎರಡನೆಯದು ಆರ್ಮ್‌ಹೋಲ್‌ನಲ್ಲಿ ಹಿಡಿಯಿತು. ಇದು ಮೂರನೆಯದು. ಭುಜ ಅಗಲ ಅಂತ ಅಳುತ್ತಿದ್ದೆಯಲ್ಲ, ಕುತ್ತಿಗೆ ಸ್ವಲ್ಪ ಅಗಲ ಇಟ್ಟು ತೋಳನ್ನು ಮೊಣಕೈ ತನಕ ಇಳಿಸಿದ್ದೇನೆ, ಹಾಕಿ ನೋಡು.

ಬೆನ್ನಿನ ಉದ್ದವನ್ನು ಬೆಳಿಗ್ಗೆಯ ಅಳತೆಗೇ ಕತ್ತರಿಸಿದ್ದೇನೆ. ಬಗ್ಗಿ ನಿಂತರೆ ಹಿಂದೆ ಎತ್ತುತ್ತದೆ, ಆಮೇಲೆ ನನ್ನನ್ನು ಬೈಯಬೇಡ. ಎರಡೂ ಬದಿಗೆ ಒಳಗೆ ಒಂದೊಂದು ಇಂಚು ಬಟ್ಟೆ ಬಿಟ್ಟಿದ್ದೇನೆ. ಬಿಗಿಯಾದರೆ ನೀನೇ ಬ್ಲೇಡ್ ಹಾಕಿ ಬಿಚ್ಚಲು ಹೋಗಬೇಡ, ಬಟ್ಟೆ ಕತ್ತರಿಸಿಹೋಗುತ್ತದೆ. ದೀಪಾವಳಿಗೆ ಬರುವಾಗ ತಾ, ನಾನೇ ಬಿಚ್ಚಿ ಕೊಡುತ್ತೇನೆ.

ನಿನ್ನ
ಅಪ್ಪ