ಮುಖ ಸಿಂಡರಿಸುವ ಮುನ್ನ ತಿನ್ನುವ ಕ್ರಮ ತಿಳಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಏಷ್ಯಾದ 'ವಿಚಿತ್ರ' ತಿಂಡಿ, ಪಾನೀಯ, ಹಣ್ಣುಗಳ ಬಗ್ಗೆ ಬಂದ ಬರಹ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಬರಹದ ತುಂಬ ಇದ್ದದ್ದು ವಾಸನೆ, ವಾಕರಿಕೆ, ಯಾರು ಉಗುಳಿದರು, ಯಾರು ಎದ್ದು ಓಡಿದರು ಅನ್ನುವುದೇ. ಯಾವುದನ್ನು ಹೇಗೆ ತಿನ್ನಬೇಕು ಅಂತ ಒಂದೇ ಒಂದು ಸಾಲು ಕೂಡ ಇರಲಿಲ್ಲ. ಬೇಸರವಾಯಿತು. ಅದಕ್ಕೇ ಈ ಪತ್ರ.

ನನ್ನ ಮಗಳು ಕೆಲಸದ ಮೇಲೆ ಜಪಾನ್, ಥಾಯ್ಲೆಂಡ್, ಮಲೇಷ್ಯಾ ಅಂತ ಓಡಾಡುತ್ತಿರುತ್ತಾಳೆ. ಬರುವಾಗ ಅವಳ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ತಿಂಡಿ ಪೊಟ್ಟಣಗಳೇ ಜಾಸ್ತಿ. ನಾನು, ನಮ್ಮ ಯಜಮಾನರು, ಮೊಮ್ಮಗ ಕೂತು ಒಂದೊಂದಾಗಿ ಬಿಚ್ಚುತ್ತೇವೆ. ಬಿಚ್ಚುವ ಮುಂಚೆ ಮಗಳು ಹೇಳಿಕೊಡುತ್ತಾಳೆ. ಹಾಗೆ ತಿಂದೂ ತಿಂದೂ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಈ ತಿಂಡಿಗಳನ್ನು ಜನ 'ಥೂ' ಅನ್ನುವುದು ಬಹಳ ಸಲ ರುಚಿಯ ತಪ್ಪಲ್ಲ, ತಿಂದ ರೀತಿಯ ತಪ್ಪು.

ಜಪಾನಿನ ಕಾಲ್ಪಿಸ್ ಪಾನೀಯದ ಬಗ್ಗೆ 'ಗಂಟಲು ಕಟ್ಟುವಷ್ಟು ಸಿಹಿ' ಎಂದು ಬರೆದಿದ್ದೀರಿ. ಕಟ್ಟದೆ ಇನ್ನೇನು? ಚಿತ್ರದಲ್ಲಿದ್ದದ್ದು ಗಟ್ಟಿ ಪಾಕದ ಬಾಟಲಿ. ಒಂದು ಪಾಲು ಪಾಕಕ್ಕೆ ನಾಲ್ಕು ಪಾಲು ತಣ್ಣೀರು ಬೆರೆಸಿ ಕುಡಿಯಬೇಕು. ಹುಳಿ ಬರಿಸಿದ ಹಾಲಿನಿಂದ ಮಾಡುವ ಈ ಪಾನೀಯವನ್ನು ಜಪಾನಿನವರು 1919ರಿಂದ ಹೀಗೇ ಕುಡಿಯುತ್ತಾ ಬಂದಿದ್ದಾರೆ. ಚಳಿಗಾಲದಲ್ಲಿ ಬಿಸಿನೀರಿಗೂ ಬೆರೆಸುತ್ತಾರೆ. ಸಿಹಿಯ ಹಿಂದೆ ಬರುವ ಆ ತೆಳ್ಳಗಿನ ಹುಳಿ ನನಗಂತೂ ತುಂಬಾ ಇಷ್ಟ.

ಜಪಾನಿನ ರಾಮುನೆ ಸೋಡಾದ ಕತೆಯೂ ಅದೇ. 'ಗೋಲಿ ಅಡ್ಡ ಬಂದು ಕುಡಿಯಲಾಗಲಿಲ್ಲ' ಎಂದಿದ್ದೀರಿ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಬಾಟಲಿ ಇದು. ಒಳಗಿನ ಗ್ಯಾಸ್ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಜೊತೆಗೆ ಬರುವ ಪ್ಲಾಸ್ಟಿಕ್ ಗುಂಡಿಯನ್ನು ಬಾಟಲಿಯ ಬಾಯಿಗಿಟ್ಟು ಅಂಗೈಯಿಂದ ಜೋರಾಗಿ ಒತ್ತಬೇಕು. ಗೋಲಿ ಬಿದ್ದ ಮೇಲೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರೆ ನೊರೆ ಉಕ್ಕುವುದಿಲ್ಲ. ಕತ್ತಿನ ಒಂದು ಬದಿಯಲ್ಲಿ ಎರಡು ಗುಳಿ ಇವೆ. ಆ ಬದಿ ಕೆಳಗೆ ಬರುವಂತೆ ಹಿಡಿದು ಬಗ್ಗಿಸಿದರೆ ಗೋಲಿ ಗುಳಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ, ಸೋಡಾ ಸರಾಗವಾಗಿ ಬರುತ್ತದೆ. ನಮ್ಮ ಮೊಮ್ಮಗ ಇದನ್ನು ಎಲ್ಲರಿಗೂ ಮಾಡಿ ತೋರಿಸುತ್ತಾನೆ.

ಮ್ಯಾಂಗೋಸ್ಟೀನ್ ಹಣ್ಣನ್ನು ಚಾಕುವಿನಿಂದ ಎರಡು ಹೋಳು ಮಾಡಿದ ಚಿತ್ರ ನೋಡಿ ನಿಜಕ್ಕೂ ಹೊಟ್ಟೆ ಉರಿಯಿತು. ಹಾಗೆ ಕತ್ತರಿಸಿದರೆ ಸಿಪ್ಪೆಯ ಕಹಿ ರಸ ತೊಳೆಗೆ ತಾಗುತ್ತದೆ. ಹಣ್ಣನ್ನು ಎರಡು ಅಂಗೈಗಳ ನಡುವೆ ಇಟ್ಟು ಮೆಲ್ಲಗೆ ಅದುಮಿ. ಸಿಪ್ಪೆ ಬಿರಿಯುತ್ತದೆ, ಮುಚ್ಚಳದ ಹಾಗೆ ಎತ್ತಿಬಿಡಬಹುದು. ಒಳಗೆ ಬೆಳ್ಳಗಿನ ತೊಳೆಗಳು ಸುತ್ತಲೂ ಕೂತಿರುತ್ತವೆ. ತೊಳೆ ಎಷ್ಟಿದೆ ಅಂತ ಬಿಡಿಸುವ ಮುಂಚೆಯೇ ಹೇಳಬಹುದು! ಹಣ್ಣಿನ ತಳದಲ್ಲಿ ಪುಟ್ಟ ಹೂವಿನಂಥ ಗುರುತು ಇರುತ್ತದೆ. ಅದಕ್ಕೆ ಎಷ್ಟು ಎಸಳೋ ಒಳಗೆ ಅಷ್ಟೇ ತೊಳೆ. ದಪ್ಪ ತೊಳೆಯಲ್ಲಿ ಬೀಜ ಇರುತ್ತದೆ, ಚಿಕ್ಕದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎಷ್ಟು ಅದುಮಿದರೂ ಬಗ್ಗದ ಹಣ್ಣು ಹಳೆಯದು, ಅದನ್ನು ಕೊಳ್ಳಲೇಬೇಡಿ. ಸಿಪ್ಪೆಯ ನೇರಳೆ ಕಲೆ ಬಟ್ಟೆಗೆ ಹತ್ತಿದರೆ ಹೋಗುವುದು ಕಷ್ಟ, ಅಷ್ಟು ಜೋಪಾನ.

ಡುರಿಯನ್ ಹಣ್ಣಿನ ವಾಸನೆಗೆ ಎರಡು ಕಾಲಂ ಕೊಟ್ಟಿದ್ದೀರಿ. ಸಿಂಗಪುರದ ಮೆಟ್ರೊ ರೈಲಿನಲ್ಲಿ ಅದನ್ನು ಒಯ್ಯುವಂತಿಲ್ಲ, ನಿಜ. ಆದರೆ ಡುರಿಯನ್ ಎಲ್ಲವೂ ಒಂದೇ ಅಲ್ಲ. ಮಲೇಷ್ಯಾದಲ್ಲಿ ಹಣ್ಣು ಮಾಗಿ ತಾನಾಗಿ ಮರದಿಂದ ಬೀಳುವವರೆಗೆ ಕಾಯುತ್ತಾರೆ. ಹಾಗಾಗಿ ಅದು ಮೆತ್ತಗೆ, ವಾಸನೆ ಜೋರು, ಸಿಹಿಯ ಜೊತೆ ಸಣ್ಣ ಕಹಿ. ಥಾಯ್ಲೆಂಡಿನಲ್ಲಿ ಮೊದಲೇ ಕೊಯ್ಯುತ್ತಾರೆ. ಅಲ್ಲಿನ ಮೊಂತೊಂಗ್ ತಳಿ ಗಟ್ಟಿ, ಸಿಹಿ ಜಾಸ್ತಿ, ವಾಸನೆ ಕಡಿಮೆ. ಮೊದಲ ಸಲ ತಿನ್ನುವವರಿಗೆ ಮಲೇಷ್ಯಾದ ಮುಸಾಂಗ್ ಕಿಂಗ್ ತಳಿ ಕೊಟ್ಟು ಮುಖ ನೋಡಿ ನಗುವುದು ಸರಿಯಲ್ಲ. ಮೊಂತೊಂಗ್ ಹಣ್ಣಿನ ಒಣಗಿಸಿದ ಗರಿಗರಿ ಚೂರಿನಿಂದ ಶುರುಮಾಡಲಿ. ಆಮೇಲೆ ಫ್ರೀಜ್ ಮಾಡಿದ ತೊಳೆಯನ್ನು ಅರ್ಧ ಕರಗಿದಾಗ ಚಮಚದಲ್ಲಿ ತಿನ್ನಲಿ. ನಮ್ಮ ಯಜಮಾನರು ಒಲಿದದ್ದು ಹೀಗೇ.

ಇಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆನೋ ಏನೋ. ಆದರೆ ಕೊಂಜಾಕ್ ಎಂಬ ಗೆಡ್ಡೆಯ ಹಿಟ್ಟಿನಿಂದ ಮಾಡುವ ಜೆಲ್ಲಿ ಕಪ್ಪನ್ನು ಪುಟ್ಟ ಮಗು ಬಾಯಿಗೆ ಹೀರಿಕೊಳ್ಳುವ ಚಿತ್ರ ಹಾಕಿದ್ದೀರಲ್ಲ, ಅದು ಅಪಾಯ. ಈ ಜೆಲ್ಲಿ ಬಾಯಲ್ಲಿ ಕರಗುವುದಿಲ್ಲ. ಒಂದೇ ಸಲ ಹೀರಿದರೆ ಗಂಟಲಿಗೆ ಅಡ್ಡ ಕೂರುತ್ತದೆ. ಇದರಿಂದ ಮಕ್ಕಳೂ ವಯಸ್ಸಾದವರೂ ಸತ್ತಿದ್ದಾರೆ. ಯುರೋಪಿಯನ್ ಒಕ್ಕೂಟದಲ್ಲಿ ಇಂಥ ಕಪ್ಪುಗಳ ಮಾರಾಟಕ್ಕೆ ನಿಷೇಧವಿದೆ. ಜಪಾನಿನ ಪೊಟ್ಟಣಗಳ ಮೇಲೆ ಮಕ್ಕಳಿಗೂ ವೃದ್ಧರಿಗೂ ಬೇಡ ಎನ್ನುವ ಚಿತ್ರವೇ ಇರುತ್ತದೆ. ನಾಟೊ ಬಗ್ಗೆಯೂ ಒಂದು ಮಾತು ಬೇಕಿತ್ತು. ಹುದುಗಿಸಿದ ಆ ಸೋಯಾ ಕಾಳಿನಲ್ಲಿ ವಿಟಮಿನ್ ಕೆ ತುಂಬಾ ಇದೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ತಿನ್ನಬಾರದು. ನಮ್ಮ ಯಜಮಾನರಿಗೆ ಆ ಮಾತ್ರೆ ಇದೆ, ಹಾಗಾಗಿ ನಾಟೊ ಡಬ್ಬಿ ನನ್ನೊಬ್ಬಳಿಗೇ.

ತಾರೀಕು ಓದುವುದನ್ನೂ ಹೇಳಿಕೊಡಿ. ಥಾಯ್ ಪೊಟ್ಟಣದಲ್ಲಿ 2568 ಎಂದು ಕಂಡರೆ ಗಾಬರಿ ಬೇಡ, ಅದು ಬುದ್ಧ ಶಕೆ. 543 ಕಳೆದರೆ 2025. ಜಪಾನಿನಲ್ಲಿ ವರ್ಷ ಮೊದಲು ಬರುತ್ತದೆ. 26.03.10 ಎಂದರೆ 2026ರ ಮಾರ್ಚ್ 10.

ಮುಂದಿನ ಸಲ ಇಂಥ ಬರಹ ಹಾಕುವಾಗ ಪ್ರತಿ ತಿಂಡಿಯ ಪಕ್ಕ ತಿನ್ನುವ ಬಗೆ, ಯಾರಿಗೆ ಆಗದು ಎಂಬ ಎರಡು ಸಾಲು ಕೊಡಿ. ಜೆಲ್ಲಿ ಕಪ್ಪಿನ ವಿಷಯಕ್ಕೆ ಮಾತ್ರ ಭಾನುವಾರದವರೆಗೆ ಕಾಯಬೇಡಿ. ನಾಳೆಯ ಪತ್ರಿಕೆಯಲ್ಲೇ, ಕಣ್ಣಿಗೆ ಬೀಳುವ ಜಾಗದಲ್ಲಿ, ಎಚ್ಚರಿಕೆ ಪ್ರಕಟಿಸಿ.

ಇಂತಿ,
ನಿಮ್ಮ ಕಾಯಂ ಓದುಗರಲ್ಲಿ ಒಬ್ಬಳು