ಭಾನುವಾರದ ಹೆಸರಘಟ್ಟ ನಡಿಗೆ: ಕ್ಯಾಮೆರಾ ತೆಗೆಯುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ 6ಕ್ಕೆ ಸೇರೋಣ. ಮಳೆ ಬಿದ್ದಿದೆ, ಹುಲ್ಲುಗಾವಲಿನ ಒದ್ದೆ ನೆಲದಲ್ಲಿ ಡ್ರಾಸೆರಾ ಕಾಣಬಹುದು. ನಾಣ್ಯದಷ್ಟು ಪುಟ್ಟ ಗಿಡ. ಎಲೆಯ ಕೆಂಪು ಕೂದಲ ತುದಿಯಲ್ಲಿ ಇಬ್ಬನಿಯಂಥ ಅಂಟು, ಅದರಲ್ಲೇ ಹುಳ ಸಿಕ್ಕಿಬೀಳುವುದು. ಮಂಡಿಯೂರುವ ಮುಂಚೆ ಕೆಳಗೆ ನೋಡಿ. ಒಂದು ಗಿಡದ ಫೋಟೊಗೆ ನಾಲ್ಕನ್ನು ತುಳಿಯುವುದು ಬೇಡ, ಅಲ್ವಾ? ಅಡ್ಡ ಬಂದ ಹುಲ್ಲನ್ನೂ ಕೀಳಬೇಡಿ, ಬೆರಳಿಂದ ಬಾಗಿಸಿದರೆ ಸಾಕು.

ಟಿಟ್ಟಿಭ ಹಕ್ಕಿ ಕಿರುಚುತ್ತಾ ತಲೆ ಮೇಲೆ ಸುತ್ತಿದರೆ ಬಂದ ದಾರಿಯಲ್ಲೇ ಹಿಂದೆ ಬನ್ನಿ. ಅದು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ, ಬಣ್ಣ ಥೇಟ್ ಸುತ್ತಲಿನ ಕಲ್ಲಿನದೇ. ಗೂಡಿನ ಫೋಟೊ, ಲೊಕೇಶನ್ ಎರಡೂ ಗುಂಪಿಗೆ ಬೇಡ.

ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯಬೇಡಿ. ಅಲ್ಲಾಡದೆ ಕೂತು ಕಾದರೆ ಎಷ್ಟೋ ಸಲ ಅವೇ ಹತ್ತಿರ ಬರುತ್ತವೆ.